ಮನೆಗೆ ಬಂದ ಯಂತ್ರವೂ ಮಾಸಪತ್ರಿಕೆಯೂ

೧

ಕಳೆದ ಬೇಸಗೆಯಲ್ಲಿ ಒಂದು ಸಂಜೆ ಪಿರಿಯಾಪಟ್ಟಣದ ಕಡೆಯ ರೈತನೊಬ್ಬನು ನನ್ನನ್ನು ನೋಡಲೆಂದು ಹುಣಸೂರಿಗೆ ಬಂದಿದ್ದನು. ೧೯೮೮ರಲ್ಲಿ, ನಾನು ಉಪಾಧ್ಯಾಯ ವೃತ್ತಿಗೆ ಹೊಸದಾಗಿ ಸೇರಿದ್ದ ಕಾಲದಲ್ಲಿ, ಆತನು ನನ್ನಲ್ಲಿ ಸಂಸ್ಕೃತ ಓದುತ್ತಿದ್ದ ಹುಡುಗ. ಈಗ ತಲೆ ನರೆತಿದೆ. ಹೊಗೆಸೊಪ್ಪಿನ ಬೇಸಾಯ, ಸೊಪ್ಪು ಹದಮಾಡುವ ಒಂದು ಬ್ಯಾರನ್ನು, ಒಂದಿಷ್ಟು ಸಾಲ, ಇವು ಆತನ ಸಂಸಾರ. ಕುಶಲಪ್ರಶ್ನೆಗಳು ಮುಗಿದ ಮೇಲೆ ಆತನು ಸ್ವಲ್ಪ ಸಂಕೋಚದಿಂದಲೇ ಕೇಳಿದನು: “ಮೇಷ್ಟ್ರೇ, ನನ್ನ ಕಿರಿಯ ಮಗಳು ಎಂಟನೆಯ ತರಗತಿ. ಫೋನು ಕೈಯಿಂದ ಕೆಳಗಿಡುವುದಿಲ್ಲ. ಅದರಲ್ಲಿ ಕಾಣುವುದನ್ನೆಲ್ಲ ಬಲ್ಲಳು. ಅದು ಒಳಗೆ ಹೇಗೆ ನಡೆಯುತ್ತದೆ ಎಂದರೆ ಅವಳೂ ಕಾಣಳು, ನಾನೂ ಕಾಣೆ. ಆಗ ನಾವು ಒಂದು ಹರಕು ಪತ್ರಿಕೆ ಇಟ್ಟುಕೊಂಡು ಲೆಕ್ಕ ಹಾಕುತ್ತಿದ್ದೆವಲ್ಲ, ಅಂಥದು ಅವಳಿಗೆ ಕನ್ನಡದಲ್ಲಿ ಸಿಕ್ಕೀತೆ?”

ಆ ಹರಕು ಪತ್ರಿಕೆಯ ಸಂಗತಿಯನ್ನು ವಾಚಕರಿಗೆ ಮೊದಲು ತಿಳಿಸಬೇಕು. ಆತನ ಸೋದರಮಾವನಿಗೆ ಒಂದು ದಿನಸಿ ಅಂಗಡಿ ಇದ್ದಿತು. ಪೊಟ್ಟಣ ಕಟ್ಟುವುದಕ್ಕಾಗಿ ಮೈಸೂರಿನಿಂದ ತಂದ ರದ್ದಿ ಕಾಗದದ ನಡುವೆ ಒಂದು ಇಂಗ್ಲೀಷ್ ಮಾಸಪತ್ರಿಕೆಯ ಕೆಲವು ಹಾಳೆಗಳು ಸಿಕ್ಕಿದುವು. ಮನೆಯಲ್ಲಿ ಇಟ್ಟುಕೊಳ್ಳುವ ಸಣ್ಣ ಕಂಪ್ಯೂಟರುಗಳನ್ನು ಕುರಿತ ಪತ್ರಿಕೆ ಅದು. ರಕ್ಷಾಪುಟ ಹರಿದುಹೋಗಿದ್ದುದರಿಂದ ಹೆಸರು ತಿಳಿಯಲಿಲ್ಲ. ಒಂದು ಪುಟದ ತುಂಬ ೧೦, ೨೦, ೩೦ ಎಂದು ಸಾಲುಗಳಿಗೆ ಅಂಕಿ ಹಾಕಿ ಯಂತ್ರಕ್ಕೆ ಕೊಡತಕ್ಕ ಆದೇಶಗಳನ್ನು ಅಚ್ಚುಹಾಕಿದ್ದರು. ಹುಡುಗನು ಅದನ್ನು ಗಣಿತದ ಮೇಷ್ಟರಿಗೆ ತೋರಿಸದೆ ನನ್ನ ಬಳಿಗೆ ತಂದನು. ಕಾರಣ ಕೇಳಿದರೆ, “ನೀವು ಸೂತ್ರಕ್ಕೆ ಅಂಕಿ ಹಾಕಿ ಹೇಳುತ್ತೀರಲ್ಲ, ಇದೂ ಹಾಗೇ ಇದೆ” ಎಂದನು.

ನಮ್ಮ ಶಾಲೆಯಲ್ಲಿ ಕಂಪ್ಯೂಟರು ಇರಲಿಲ್ಲ. ಅದನ್ನು ಕಣ್ಣಿನಿಂದ ಕಂಡವರೂ ಇರಲಿಲ್ಲ. ಆದರೂ ಆ ಪುಟದಲ್ಲಿದ್ದ ಇಂಗ್ಲೀಷ್ ಪದಗಳು ಹತ್ತು ಹನ್ನೆರಡಕ್ಕಿಂತ ಹೆಚ್ಚಿರಲಿಲ್ಲ, ಮಿಕ್ಕದ್ದೆಲ್ಲ ಕ್ರಮ. ಎಲ್ಲಕ್ಕಿಂತ ಚಿಕ್ಕದಾದ ಒಂದು ಪಾಠವನ್ನು ಆರಿಸಿಕೊಂಡು, ಯಂತ್ರದ ಕೆಲಸವನ್ನು ನಾವೇ ಮಾಡುವುದೆಂದು ನಿಶ್ಚಯಿಸಿದೆವು. ಮೊತ್ತವನ್ನು ಸೊನ್ನೆಯಾಗಿ ಇಡು. ಎಣಿಕೆಯನ್ನು ಒಂದರಿಂದ ಹತ್ತರವರೆಗೆ ನಡೆಸು. ಪ್ರತಿಸಲವೂ ಮೊತ್ತಕ್ಕೆ ಎಣಿಕೆಯನ್ನು ಕೂಡಿಸು. ಕೊನೆಗೆ ಮೊತ್ತವನ್ನು ಬರೆದು ತೋರಿಸು: ಇಷ್ಟೇ ಅದರ ತಾತ್ಪರ್ಯ. ಹುಡುಗನು ಪಾಠವನ್ನು ತನ್ನ ಪುಸ್ತಕಕ್ಕೆ ನಕಲು ಮಾಡಿಕೊಂಡು, ಸ್ಲೇಟಿನ ಮೇಲೆ ಎರಡು ಮನೆಗಳನ್ನು ಎಳೆದು, ಒಂದರಲ್ಲಿ ಎಣಿಕೆಯನ್ನೂ ಇನ್ನೊಂದರಲ್ಲಿ ಮೊತ್ತವನ್ನೂ ಬರೆಯುತ್ತ ಅಳಿಸುತ್ತ ಹೋದನು. ಐವತ್ತೈದು ಬರಬೇಕಾದಲ್ಲಿ ಹತ್ತು ಬಂದಿತು. ಎರಡನೆಯ ಸಲವೂ ಹತ್ತೇ.

ತಪ್ಪು ಎಲ್ಲಿದ್ದಿತು? ಎಣಿಕೆಗೆ ಆ ಪತ್ರಿಕೆಯವರು ‘ಐ’ ಎಂಬ ಇಂಗ್ಲೀಷ್ ಅಕ್ಷರವನ್ನು ಹೆಸರಾಗಿ ಇಟ್ಟಿದ್ದರು. ಮಾಸಿದ ಅಚ್ಚಿನಲ್ಲಿ ಆ ಅಕ್ಷರವೂ ಒಂದು ಎಂಬ ಇಂಗ್ಲೀಷ್ ಅಂಕಿಯೂ ಒಂದೇ ನೆಟ್ಟನೆಯ ಗೆರೆಯಾಗಿ ಕಾಣುತ್ತಿದ್ದುವು. ಹುಡುಗನು ಅಕ್ಷರವಿರುವೆಡೆ ಅಂಕಿಯನ್ನು ಬರೆದುಕೊಂಡಿದ್ದನು. ಆದ್ದರಿಂದ ಪ್ರತಿಸಲವೂ ಎಣಿಕೆಯನ್ನು ಕೂಡಿಸುವ ಬದಲು ಒಂದನ್ನೇ ಕೂಡಿಸುತ್ತ ಬಂದೆವು. ಇದನ್ನು ಕಂಡುಹಿಡಿಯಲು ನಮಗೆ ಮೂರು ಸಂಜೆ ಹಿಡಿಯಿತು. ಕಂಡುಹಿಡಿದವನು ಹುಡುಗ, ನಾನಲ್ಲ.

ಆಗ ನಾನು ಅವನಿಗೆ ತ್ವಷ್ಟೃವಿನ ಕಥೆಯನ್ನು ಹೇಳಿದೆನು. ಇಂದ್ರನನ್ನು ಕೊಲ್ಲುವಂಥ ಮಗನು ಬೇಕೆಂದು ತ್ವಷ್ಟೃ ಯಾಗ ಮಾಡಿದನಂತೆ. ‘ಇಂದ್ರಶತ್ರು’ ಎಂಬ ಒಂದೇ ಪದ. ಸ್ವರವನ್ನು ಒಂದೆಡೆ ಇಟ್ಟರೆ ಇಂದ್ರನನ್ನು ಕೊಲ್ಲುವವನು ಎಂದರ್ಥ, ಇನ್ನೊಂದೆಡೆ ಇಟ್ಟರೆ ಇಂದ್ರನೇ ಯಾರನ್ನು ಕೊಲ್ಲುವನೋ ಅವನು ಎಂದರ್ಥ. ಸ್ವರ ತಪ್ಪಿತು, ಹುಟ್ಟಿದ ವೃತ್ರನು ಇಂದ್ರನ ಕೈಯಲ್ಲಿ ಸತ್ತನು. ವೈಯಾಕರಣರು ಶಿಷ್ಯರನ್ನು ಎಚ್ಚರಿಸಲು ಹೇಳುತ್ತಿದ್ದ ಈ ಕಥೆ ಯಂತ್ರಕ್ಕೂ ಒಪ್ಪುವುದೆಂದು ಆ ದಿನ ನನಗೆ ಮೊದಲ ಬಾರಿಗೆ ತೋರಿತು. ಯಂತ್ರವು ನಮ್ಮ ಮನಸ್ಸಿನಲ್ಲಿರುವುದನ್ನು ಮಾಡುವುದಿಲ್ಲ. ನಾವು ಬರೆದದ್ದನ್ನು ಮಾಡುತ್ತದೆ.

ಹುಡುಗನಲ್ಲಿ ಕ್ರಮಬುದ್ಧಿ ಇದ್ದಿತು. ಆದರೆ ಆ ವರ್ಷದ ಪರೀಕ್ಷೆಯಲ್ಲಿ ಇಂಗ್ಲೀಷಿನಲ್ಲಿ ತೇರ್ಗಡೆಯಾಗದೆ ಅವನು ಬ್ಯಾರನ್ನಿನ ಕೆಲಸಕ್ಕೆ ನಿಂತನು. ಆ ಪತ್ರಿಕೆಯ ಮುಂದಿನ ತಿಂಗಳ ಸಂಚಿಕೆ ನಮಗೆ ಎಂದೂ ಸಿಕ್ಕಲಿಲ್ಲ.

೨

ಇಂಥ ಪತ್ರಿಕೆಗಳು ಹುಟ್ಟಿ ಬೆಳೆದ ರೀತಿಯನ್ನು ನಾನು ತಿಳಿದುಕೊಂಡದ್ದು ಬಹಳ ತಡವಾಗಿ. ಅದರ ವೃತ್ತಾಂತವು ಗೃಹಸ್ಥರು ತಿಳಿಯಬೇಕಾದದ್ದೇ ಆಗಿದೆ.

೧೯೭೫ರ ಜನವರಿಯಲ್ಲಿ ಅಮೆರಿಕದ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಎಂಬ ಮಾಸಪತ್ರಿಕೆ ತನ್ನ ರಕ್ಷಾಪುಟದಲ್ಲಿ ‘ಆಲ್ಟೇರ್ ೮೮೦೦’ ಎಂಬ ಸಣ್ಣ ಕಂಪ್ಯೂಟರಿನ ಚಿತ್ರವನ್ನು ಅಚ್ಚುಹಾಕಿತು. ಅದುವರೆಗೆ ಕಂಪ್ಯೂಟರೆಂಬುದು ಸರಕಾರ, ಬ್ಯಾಂಕು, ವಿಶ್ವವಿದ್ಯಾನಿಲಯಗಳ ಸೊತ್ತು. ಈ ಯಂತ್ರದ ಬಿಡಿಭಾಗಗಳ ಪೆಟ್ಟಿಗೆಗೆ ೩೯೭ ಡಾಲರು ಬೆಲೆ. ಕೊಂಡವನು ತಾನೇ ಬೆಸುಗೆಹಾಕಿ ಜೋಡಿಸಿಕೊಳ್ಳಬೇಕು. ಕೀಲಿಮಣೆ ಇಲ್ಲ, ತೆರೆ ಇಲ್ಲ. ಮುಂಭಾಗದಲ್ಲಿ ಸಾಲಾಗಿ ಸ್ವಿಚ್ಚುಗಳು, ಅವುಗಳ ಮೇಲೆ ಕೆಂಪು ದೀಪಗಳು. ಮೊದಲು ಅದರೊಡನೆ ಬಂದ ಸ್ಮರಣಶಕ್ತಿ ೨೫೬ ಬೈಟು ಮಾತ್ರ. ಒಂದು ಬೈಟೆಂದರೆ ಒಂದು ಇಂಗ್ಲೀಷ್ ಅಕ್ಷರವನ್ನಿಡುವಷ್ಟು ಎಡೆ. ಜೋಡಿಸಿದ ಮೇಲೆ ಅದರಿಂದ ಏನು ಮಾಡಬೇಕು ಎಂದು ಕೇಳಲು ನೆರೆಮನೆಯವರಿಗೆ ತಿಳಿಯದು, ಅಂಗಡಿಯವನಿಗೆ ತಿಳಿಯದು. ಆ ನೆರೆಹೊರೆಯ ಸ್ಥಾನವನ್ನು ಮಾಸಪತ್ರಿಕೆ ತುಂಬಿತು.

ಡೇವಿಡ್ ಆಲ್ ಎಂಬುವರು ೧೯೭೪ರಲ್ಲಿ ‘ಕ್ರಿಯೇಟಿವ್ ಕಂಪ್ಯೂಟಿಂಗ್’ ಎಂಬ ಪತ್ರಿಕೆಯನ್ನು ಆರಂಭಿಸಿದ್ದರು. ೧೯೭೫ರ ಸೆಪ್ಟೆಂಬರಿನಲ್ಲಿ ‘ಬೈಟ್’ ಹೊರಟಿತು. ಕಾರ್ಲ್ ಹೆಲ್ಮರ್ಸ್ ಅದರ ಮೊದಲ ಸಂಪಾದಕರು. ೧೯೭೬ರಲ್ಲಿ ‘ಡಾಕ್ಟರ್ ಡಾಬ್ಸ್ ಜರ್ನಲ್’ ಬಂದಿತು. ಈ ಕೊನೆಯ ಪತ್ರಿಕೆ ಹುಟ್ಟಿದ ಕಾರಣವೇ ಸ್ವಾರಸ್ಯವಾದದ್ದು. ‘ಬೇಸಿಕ್’ ಎಂಬ ಸುಲಭವಾದ ಯಂತ್ರಭಾಷೆಯನ್ನು ೧೯೬೪ರಲ್ಲಿ ಡಾರ್ಟ್‌ಮತ್ ಕಾಲೇಜಿನ ಕೆಮೆನಿ ಮತ್ತು ಕರ್ಟ್ಸ್ ಎಂಬ ಇಬ್ಬರು ಅಧ್ಯಾಪಕರು ವಿಜ್ಞಾನವನ್ನೋದದ ವಿದ್ಯಾರ್ಥಿಗಳಿಗೂ ಎಟಕುವಂತೆ ರಚಿಸಿದ್ದರು. ಅದರ ಅತಿ ಚಿಕ್ಕ ರೂಪವೊಂದನ್ನು ಸಣ್ಣ ಯಂತ್ರಗಳಿಗೆ ಹೊಂದಿಸಿ, ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದೆಂದು ಅಚ್ಚುಹಾಕುವುದೇ ಆ ಪತ್ರಿಕೆಯ ಮೊದಲ ಉದ್ದೇಶವಾಗಿದ್ದಿತು.

೧೯೭೭ರಲ್ಲಿ ಆ್ಯಪಲ್-೨, ಕಮೊಡೋರ್ ಪೆಟ್, ಟಿಆರ್‌ಎಸ್-೮೦ ಎಂಬ ಸಿದ್ಧಯಂತ್ರಗಳು ಮಾರಾಟಕ್ಕೆ ಬಂದುವು. ಇಂಗ್ಲೆಂಡಿನಲ್ಲಿ ‘ಪರ್ಸನಲ್ ಕಂಪ್ಯೂಟರ್ ವರ್ಲ್ಡ್’ ೧೯೭೮ರಲ್ಲಿ ಹುಟ್ಟಿತು. ೧೯೮೧ರಲ್ಲಿ ಅಲ್ಲಿ ಸಿಂಕ್ಲೇರ್ ಸಂಸ್ಥೆಯ ‘ಜೆಡ್‌ಎಕ್ಸ್-೮೧’ ಯಂತ್ರವು ೭೦ ಪೌಂಡಿನೊಳಗೆ ಸಿಕ್ಕಿತು. ತಾನೇ ಜೋಡಿಸಿಕೊಳ್ಳುವವನಿಗೆ ೫೦ ಪೌಂಡಿಗೂ ಕಡಮೆ. ಅದರ ಸ್ಮರಣಶಕ್ತಿ ೧೦೨೪ ಬೈಟು. ಈ ಪತ್ರಿಕೆಯ ಒಂದು ಪುಟದಲ್ಲಿರುವ ಅಕ್ಷರಗಳನ್ನೂ ಅದು ಪೂರ್ತಿಯಾಗಿ ಹಿಡಿಯಲಾರದು. ಮರುವರ್ಷ ಬಿ.ಬಿ.ಸಿ.ಯವರು ಮನೆಮಂದಿಗೆ ಕಂಪ್ಯೂಟರನ್ನು ಕಲಿಸಲು ದೂರದರ್ಶನದಲ್ಲಿ ಪಾಠಮಾಲೆಯನ್ನೇ ನಡೆಸಿದರು.

ಈ ಕಾಲದ ಪತ್ರಿಕೆಗಳಲ್ಲಿ ಪುಟಗಟ್ಟಲೆ ಆದೇಶಗಳ ಪಟ್ಟಿ ಅಚ್ಚಾಗುತ್ತಿದ್ದಿತು. ಅದೇಕೆಂದರೆ, ಯಂತ್ರದ ವಿದ್ಯೆಯನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿಸಲು ಕಾಗದಕ್ಕಿಂತ ಅಗ್ಗವಾದ ವಾಹನವಿರಲಿಲ್ಲ. ಸಂಚಿಕೆ ಅಂಚೆಯಲ್ಲಿ ಬಂದ ದಿನ ಒಬ್ಬರು ಸಾಲುಗಳನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಕೀಲಿಮಣೆಯಲ್ಲಿ ಒತ್ತುವುದು. ಎಷ್ಟೋ ಗಂಟೆಗಳ ಮೇಲೆ ಯಂತ್ರವನ್ನು ನಡೆಸಿದರೆ ಎಲ್ಲಿಯೋ ಒಂದು ಅರ್ಧವಿರಾಮ ಬಿಟ್ಟುಹೋಗಿ ಏನೂ ನಡೆಯದಿರುವುದು. ಒಮ್ಮೊಮ್ಮೆ ತಪ್ಪು ಓದುಗನದಾಗಿರದೆ ಪತ್ರಿಕೆಯದೇ ಆಗಿರುತ್ತಿದ್ದಿತು; ಮುಂದಿನ ಸಂಚಿಕೆಯಲ್ಲಿ ‘ಇಂಥ ಸಾಲನ್ನು ಹೀಗೆ ತಿದ್ದಿಕೊಳ್ಳಿರಿ’ ಎಂದು ಪ್ರಕಟವಾಗುತ್ತಿದ್ದಿತು. ೧೯೮೩ರಲ್ಲಿ ‘ಕಂಪ್ಯೂಟ್’ ಎಂಬ ಪತ್ರಿಕೆಯವರು ಇದಕ್ಕೊಂದು ಉಪಾಯ ಮಾಡಿದರು. ಪ್ರತಿ ಸಾಲಿನ ಅಕ್ಷರಗಳ ಬೆಲೆಗಳಿಂದ ಒಂದು ಸಂಖ್ಯೆಯನ್ನು ಗಣಿಸಿ ಆ ಸಾಲಿನ ಜೊತೆಗೆ ಅಚ್ಚುಹಾಕುವುದು; ಓದುಗನು ಸಾಲನ್ನು ಒತ್ತಿದೊಡನೆ ಅವನ ಯಂತ್ರವೂ ಹಾಗೆಯೇ ಗಣಿಸಿ ತೋರಿಸುವುದು; ಎರಡು ಸಂಖ್ಯೆಗಳೂ ಒಂದಾದರೆ ಸಾಲು ಶುದ್ಧ. ವೇದವನ್ನು ಪದ, ಕ್ರಮ, ಜಟೆ, ಘನ ಎಂದು ನಾನಾ ಬಗೆಯಾಗಿ ತಿರುವಿ ಹೇಳಿ ಒಂದು ಅಕ್ಷರವೂ ಜಾರದಂತೆ ಕಾಪಾಡಿದ ನಮ್ಮವರಿಗೆ ಈ ಯುಕ್ತಿ ಅಪರಿಚಿತವೆಂದು ತೋರಲಾರದು.

ಹೀಗೆ ನಕಲು ಮಾಡಿದವನು ಸುಮ್ಮನೆ ನಕಲುಗಾರನಾಗಿ ಉಳಿಯುತ್ತಿರಲಿಲ್ಲ. ತಪ್ಪನ್ನು ಹುಡುಕುತ್ತ ಹುಡುಕುತ್ತ ಪ್ರತಿ ಸಾಲಿನ ಕೆಲಸವನ್ನೂ ತಿಳಿಯುತ್ತಿದ್ದನು. ತಿಳಿದ ಮೇಲೆ ಒಂದು ಸಾಲನ್ನು ಬದಲಿಸಿ ನೋಡುತ್ತಿದ್ದನು. ಒಳ್ಳೆಯದಾದರೆ ಪತ್ರಿಕೆಗೇ ಬರೆದು ಕಳುಹುತ್ತಿದ್ದನು. ಓದುಗನೇ ಲೇಖಕನಾಗುವ ಈ ಮಾರ್ಗವೇ ಆ ಪತ್ರಿಕೆಗಳ ಜೀವಾಳ.

೩

ಕ್ರಮೇಣ ಕಾಲ ಬದಲಾಯಿತು. ಪತ್ರಿಕೆಯೊಡನೆ ಧ್ವನಿಸುರುಳಿಯನ್ನೂ ಆಮೇಲೆ ಕಾಂತದ ತಟ್ಟೆಯನ್ನೂ ಕೊನೆಗೆ ಸಿ.ಡಿ.ಯನ್ನೂ ಅಂಟಿಸಿ ಕೊಡಲಾರಂಭಿಸಿದರು. ಒತ್ತುವ ಶ್ರಮ ತಪ್ಪಿತು. ಅದರೊಡನೆ ತಪ್ಪನ್ನು ಹುಡುಕುವ ಅಭ್ಯಾಸವೂ ತಪ್ಪಿತು. ಯಂತ್ರಗಳ ಬಗೆ ಹೆಚ್ಚಿದಂತೆ ‘ಯಾವುದನ್ನು ಕೊಳ್ಳಬೇಕು’ ಎಂಬ ಪ್ರಶ್ನೆಯೇ ಮೊದಲಿನದಾಯಿತು. ಬೆಲೆಪಟ್ಟಿ, ಹೋಲಿಕೆ, ಜಾಹೀರಾತುಗಳಿಂದ ಪತ್ರಿಕೆಗಳು ಉಬ್ಬಿದುವು. ‘ಕಂಪ್ಯೂಟರ್ ಶಾಪರ್’ ಎಂಬುದು ಒಂದು ಕಾಲದಲ್ಲಿ ಸಾವಿರ ಪುಟಗಳನ್ನು ಮೀರುತ್ತಿದ್ದಿತು.

ಈ ಪರಿವರ್ತನೆಯನ್ನು ನಾನು ಸುಮ್ಮನೆ ನಿಂದಿಸುವವನಲ್ಲ. ಪತ್ರ ಬರೆಯಬೇಕೆಂಬ ಅಜ್ಜಿಯು ಮೊದಲು ಬೆಸುಗೆಹಾಕುವುದನ್ನು ಕಲಿಯಬೇಕೆಂದರೆ ನ್ಯಾಯವಲ್ಲ. ಬಾವಿ ತೋಡಿದವನೇ ನೀರು ಕುಡಿಯತಕ್ಕದ್ದೆಂಬ ನಿಯಮವುಂಟೆ? ಆದರೆ ಕೊಳ್ಳುವವನನ್ನು ಮಾತ್ರವೇ ನಂಬಿದ ಪತ್ರಿಕೆಗೆ ಒಂದು ಅಪಾಯವಿದ್ದಿತು. ಬೆಲೆಯೂ ಹೋಲಿಕೆಯೂ ಅಂತರ್ಜಾಲದಲ್ಲಿ ಪುಕ್ಕಟೆಯಾಗಿ, ಅದೂ ಆ ಗಳಿಗೆಯಲ್ಲಿಯೇ, ಸಿಕ್ಕಲಾರಂಭಿಸಿದಾಗ ತಿಂಗಳಿಗೊಮ್ಮೆ ಬರುವ ಸಂಚಿಕೆಯನ್ನು ಕಾಯುವವರು ಯಾರು? ಜಾಹೀರಾತುಗಳೂ ಅತ್ತಲೇ ಹೋದುವು. ‘ಕ್ರಿಯೇಟಿವ್ ಕಂಪ್ಯೂಟಿಂಗ್’ ೧೯೮೫ರಲ್ಲಿಯೇ ನಿಂತಿದ್ದಿತು. ‘ಬೈಟ್’ ೧೯೯೮ರ ಜುಲೈ ಸಂಚಿಕೆಯೊಡನೆ ಮುಗಿಯಿತು. ೨೦೦೯ರಲ್ಲಿ ‘ಪಿಸಿ ಮ್ಯಾಗಜೀನ್’ ಅಚ್ಚನ್ನು ಬಿಟ್ಟಿತು. ‘ಪರ್ಸನಲ್ ಕಂಪ್ಯೂಟರ್ ವರ್ಲ್ಡ್’ ಅದೇ ವರ್ಷ ನಿಂತುಹೋಯಿತು. ೨೦೨೩ರಲ್ಲಿ ಅಮೆರಿಕದ ‘ಮ್ಯಾಕ್ಸಿಮಮ್ ಪಿಸಿ’, ‘ಮ್ಯಾಕ್‌ಲೈಫ್’ ಎಂಬುವೂ ಅಚ್ಚಿನ ರೂಪವನ್ನು ತ್ಯಜಿಸಿದುವು.

ಆದರೂ ಬೀಜ ಸಾಯಲಿಲ್ಲ. ೨೦೧೨ರಲ್ಲಿ ಇಂಗ್ಲೆಂಡಿನಲ್ಲಿ ಮಕ್ಕಳು ಯಂತ್ರವನ್ನು ಒಳಗಿನಿಂದ ಕಲಿಯಲೆಂದೇ ‘ರಾಸ್ಪ್‌ಬೆರಿ ಪೈ’ ಎಂಬ, ಅಂಗೈಯಗಲದ, ೩೫ ಡಾಲರಿನ ಕಂಪ್ಯೂಟರು ಹೊರಬಂದಿತು. ಅದೇ ವರ್ಷ ಅದನ್ನು ಬಳಸುವವರೇ ಸೇರಿ ‘ಮ್ಯಾಗ್‌ಪೈ’ ಎಂಬ ಪತ್ರಿಕೆಯನ್ನು ಆರಂಭಿಸಿದರು. ಅದರ ಪುಟಗಳಲ್ಲಿ ಆದೇಶಗಳ ಪಟ್ಟಿ ಮತ್ತೆ ಕಾಣಿಸಿಕೊಂಡಿತು. ಮಾಡುವವನಿಗೆ ಪತ್ರಿಕೆ ಇನ್ನೂ ಬೇಕಾಗಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

೪

ನಮ್ಮ ದೇಶದ ಸಂಗತಿಗೆ ಬರೋಣ. ೧೯೮೪ರಲ್ಲಿ ಕೇಂದ್ರ ಸರಕಾರವು ‘ಕ್ಲಾಸ್’ ಎಂಬ ಯೋಜನೆಯಲ್ಲಿ ಸುಮಾರು ೨೫೦ ಶಾಲೆಗಳಿಗೆ ಇಂಗ್ಲೆಂಡಿನ ಬಿ.ಬಿ.ಸಿ. ಮೈಕ್ರೋ ಯಂತ್ರಗಳನ್ನು ಕೊಡಲಾರಂಭಿಸಿತು. ಅದಕ್ಕೆ ಮೊದಲೇ, ೧೯೮೨ರಲ್ಲಿ, ಕಂಪ್ಯೂಟರ್ ಉದ್ಯಮವನ್ನು ಕುರಿತ ‘ಡಾಟಾಕ್ವೆಸ್ಟ್’ ಹೊರಟಿದ್ದಿತು. ೧೯೮೭ರಲ್ಲಿ ಬಳಸುವವರಿಗಾಗಿ ‘ಪಿಸಿ ಕ್ವೆಸ್ಟ್’ ಬಂದಿತು. ಈ ಪತ್ರಿಕೆಗೂ ನಮ್ಮ ಬೆಂಗಳೂರಿಗೂ ಒಂದು ನಂಟು. ಬೆಂಗಳೂರಿನಲ್ಲಿ ನೆಲೆಸಿದ್ದ ಅತುಲ್ ಚಿಟ್ನಿಸ್ ಎಂಬ ತಂತ್ರಜ್ಞರು ಅದರಲ್ಲಿ ಬರೆಯುತ್ತಿದ್ದರು. ಸಾರ್ವಜನಿಕರಿಗೆ ಅಂತರ್ಜಾಲ ನಮ್ಮ ದೇಶದಲ್ಲಿ ದೊರೆತದ್ದು ೧೯೯೫ರ ಆಗಸ್ಟ್ ೧೫ರಿಂದ. ಅದೂ ದೂರವಾಣಿಯ ತಂತಿಯ ಮೇಲೆ ಆಮೆಯ ನಡೆಯಲ್ಲಿ. ದೊಡ್ಡದೊಂದನ್ನು ಆ ದಾರಿಯಲ್ಲಿ ಮನೆಗೆ ತರಿಸಿಕೊಳ್ಳುವುದು ಆಗದ ಮಾತು. ಅಂಥ ಕಾಲದಲ್ಲಿ, ೧೯೯೬ರಲ್ಲಿ, ಆ ಪತ್ರಿಕೆಯು ‘ಲಿನಕ್ಸ್’ ಎಂಬ, ಯಾರು ಬೇಕಾದರೂ ತೆರೆದು ನೋಡಿ ತಿದ್ದಬಹುದಾದ ಯಂತ್ರವ್ಯವಸ್ಥೆಯನ್ನು ಸಿ.ಡಿ.ಯಲ್ಲಿ ಇಟ್ಟು ಸಂಚಿಕೆಯೊಡನೆ ಹಂಚಿತು. ಈ ಪ್ರಯತ್ನದಲ್ಲಿ ಚಿಟ್ನಿಸರ ಪಾತ್ರ ದೊಡ್ಡದು. ಅವರು ೨೦೧೩ರಲ್ಲಿ ತೀರಿಕೊಂಡರು. ಎಷ್ಟೋ ಊರುಗಳ ತರುಣರಿಗೆ ಆ ಸಿ.ಡಿ. ಒಂದು ವಿದ್ಯಾಶಾಲೆಯಾಯಿತು. ಆದರೆ ಈ ಪತ್ರಿಕೆಗಳೆಲ್ಲ ಇಂಗ್ಲೀಷಿನವು.

ನಮ್ಮ ನಾಲ್ಕು ತಾಲ್ಲೂಕುಗಳಾದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಿಗೆ ಯಂತ್ರವು ಬಂದ ದಾರಿಯೇ ಬೇರೆ. ಅಲ್ಲಿಯವರಿಗೆ ಅದು ಮನೆಯ ಮೇಜಿನ ಮೇಲೆ, ಪತ್ರಿಕೆಯ ಪಕ್ಕದಲ್ಲಿ ಮೊದಲು ಕಾಣಿಸಿತು. ನಮಗೆ ಕಚೇರಿಯ ಕಿಟಕಿಯ ಆಚೆ ಕಾಣಿಸಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ೬೭ ಲಕ್ಷ ರೈತರ ಸುಮಾರು ೨ ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಅದುವರೆಗೆ ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಪಹಣಿಯು ತಾಲ್ಲೂಕು ಕಚೇರಿಯಲ್ಲಿ ಅಚ್ಚಾಗಿ, ಕನ್ನಡದಲ್ಲಿಯೇ, ಕೈಗೆ ಬಂದಿತು. ನಮ್ಮ ಕಡೆಯ ಅನೇಕ ಮನೆಗಳಿಗೆ ಕಂಪ್ಯೂಟರು ಬರೆದುಕೊಟ್ಟ ಮೊದಲ ಕಾಗದ ಅದೇ. ಅದೊಂದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆಮೇಲೆ ಹೊಗೆಸೊಪ್ಪಿನ ಹರಾಜು ಕಟ್ಟೆಗಳಲ್ಲಿ ಬೆಲೆ ಕೂಗುವ ಪದ್ಧತಿ ಹೋಗಿ, ಕೊಳ್ಳುವವರು ಕೈಯಂತ್ರದಲ್ಲಿ ಬೆಲೆಯನ್ನು ಒತ್ತುವ ಪದ್ಧತಿ ಬಂದಿತು. ಕೊನೆಗೆ ಫೋನಿನ ರೂಪದಲ್ಲಿ ಯಂತ್ರವು ಅಂಗಿಯ ಜೇಬಿಗೇ ಬಂದಿತು.

ಆದರೆ ಕಲಿತ ರೀತಿ ಮಾತ್ರ ಬದಲಾಗಲಿಲ್ಲ. ಕಿಟಕಿಯ ಆಚೆ ತಿಳಿದವನೊ‌ಬ್ಬ, ಈಚೆ ಸರದಿಯಲ್ಲಿ ನಿಂತು ಕೇಳುವವರು ನಾವು. ಈಗ ಯಂತ್ರ ನಮ್ಮ ಕೈಯಲ್ಲಿಯೇ ಇದ್ದರೂ ನಾವು ಇನ್ನೂ ಆ ಸರದಿಯಲ್ಲಿಯೇ ನಿಂತಿರುವಂತೆ ನನಗೆ ತೋರುತ್ತದೆ. ಅದು ಕೊಟ್ಟದ್ದನ್ನು ನೋಡುತ್ತೇವೆ, ಕೇಳಿದ್ದಕ್ಕೆ ಒಪ್ಪಿಗೆ ಒತ್ತುತ್ತೇವೆ. ಒಂದು ಸಾಲನ್ನು ಬದಲಿಸಿ ಏನಾಗುವುದೆಂದು ನೋಡುವ ಧೈರ್ಯ ನಮ್ಮ ಮನೆಗಳಿಗೆ ಬಂದಿಲ್ಲ.

೫

ಹಾಗೆಂದು ಕನ್ನಡದಲ್ಲಿ ಈ ವಿದ್ಯೆಗೆ ಏನೂ ಆಗಿಲ್ಲವೆಂದರೆ ಅಪಚಾರವಾದೀತು. ವಿಜ್ಞಾನವನ್ನು ಮಾಸಪತ್ರಿಕೆಯ ಮೂಲಕ ಮನೆಗೆ ತಲಪಿಸುವ ಕೆಲಸವನ್ನು ನಮ್ಮವರು ೧೯೧೮ರಲ್ಲಿಯೇ ಕೈಗೊಂಡಿದ್ದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಭೌತವಿಜ್ಞಾನದ ಅಧ್ಯಾಪಕರಾದ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಸೇರಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಆಗ ಹೊರಡಿಸಿದರು. ಅದು ಹೆಚ್ಚು ಕಾಲ ಬಾಳಲಿಲ್ಲ. ಆದರೆ ಕನ್ನಡದಲ್ಲಿ ವಿಜ್ಞಾನವನ್ನು ಹೇಳಲಾಗದು ಎಂಬ ಮಾತನ್ನು ಅಂದಿಗೇ ಸುಳ್ಳುಮಾಡಿತು. ೧೯೭೮ರಲ್ಲಿ ‘ಬಾಲವಿಜ್ಞಾನ’ ಹುಟ್ಟಿತು, ಜೆ. ಆರ್. ಲಕ್ಷ್ಮಣರಾಯರು ಅದನ್ನು ಸಂಪಾದಿಸಿ ಬೆಳೆಸಿದರು.

ಕಂಪ್ಯೂಟರಿನ ವಿಷಯದಲ್ಲಿ ನಮಗೆ ಮೊದಲು ಬೇಕಾಗಿದ್ದದ್ದು ಅಕ್ಷರ. ಅನ್ಯರು ಯಂತ್ರದಲ್ಲಿ ಆಟಗಳನ್ನು ಬರೆಯುತ್ತಿದ್ದಾಗ ನಮ್ಮವರು ಅದರಲ್ಲಿ ‘ಕ’ ಬರೆಯಲು ಹೆಣಗಬೇಕಾಯಿತು. ಕಿನ್ನಿಕಂಬಳ ಪದ್ಮನಾಭರಾಯರು, ಎಂದರೆ ಕೆ. ಪಿ. ರಾಯರು, ಕನ್ನಡದ ಧ್ವನಿಕ್ರಮವನ್ನೇ ಆಧಾರವಾಗಿಟ್ಟುಕೊಂಡು ಒಂದು ಕೀಲಿಮಣೆಯ ವಿನ್ಯಾಸವನ್ನು ರಚಿಸಿದರು. ಅಲ್ಪಪ್ರಾಣವೂ ಅದರ ಮಹಾಪ್ರಾಣವೂ ಒಂದೇ ಕೀಲಿಯಲ್ಲಿ. ವ್ಯಂಜನದ ಮೇಲೆ ಸ್ವರವನ್ನು ಒತ್ತಿದರೆ ಗುಣಿತಾಕ್ಷರ ತಾನಾಗಿ ಮೂಡುವುದು. ಶಾಲೆಯಲ್ಲಿ ಕಾಗುಣಿತ ಕಲಿತ ಮಗುವಿಗೆ ಅದು ತನ್ನದೇ ಪಾಠದಂತೆ ತೋರುತ್ತದೆ. ತಾವು ರಚಿಸಿದ ತಂತ್ರಾಂಶಕ್ಕೆ ರಾಯರು ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಸ್ಮರಣೆಯಾಗಿ ‘ಸೇಡಿಯಾಪು’ ಎಂದೇ ಹೆಸರಿಟ್ಟರು. ೧೯೯೮ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ ಬಂದಿತು. ಅದರ ಹಿಂದೆಯೇ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಪ್ರಪಂಚದ ಲಿಪಿಗಳಿಗೆಲ್ಲ ಒಂದೇ ಸಂಕೇತವನ್ನು ಕೊಟ್ಟ ಯೂನಿಕೋಡಿನಲ್ಲಿ ೧೯೯೧ರಿಂದಲೇ ಕನ್ನಡಕ್ಕೆ ಸ್ಥಾನವಿದ್ದರೂ ಅದರ ಫಲ ಸಾಮಾನ್ಯರ ಯಂತ್ರಗಳಿಗೆ ಇಳಿದದ್ದು ಹತ್ತು ವರ್ಷಗಳ ಮೇಲೆ.

ಪತ್ರಿಕೆಯ ವಿಚಾರ. ಡಾ. ಯು. ಬಿ. ಪವನಜರು ೧೯೯೬ರಲ್ಲಿ ‘ವಿಶ್ವಕನ್ನಡ’ ಎಂಬ ಪತ್ರಿಕೆಯನ್ನು ಅಂತರ್ಜಾಲದಲ್ಲಿಯೇ ಆರಂಭಿಸಿದರು. ಅವರು ಅಣುವಿಜ್ಞಾನದ ಸಂಸ್ಥೆಯಲ್ಲಿ ಕೆಲಸ ಮಾಡಿದ ವಿಜ್ಞಾನಿ. ೨೦೦೭ರಲ್ಲಿ ಟಿ. ಜಿ. ಶ್ರೀನಿಧಿಯವರ ‘ಇಜ್ಞಾನ’ ಬಂದಿತು. ಹೀಗೆ ಕಾಗದದ ಮೇಲೆ ಬರಬೇಕಾಗಿದ್ದ ವಿದ್ಯೆಯು ಕನ್ನಡದಲ್ಲಿ ಬಹುಮಟ್ಟಿಗೆ ತೆರೆಯ ಮೇಲೆಯೇ ಬೆಳೆಯಿತು.

ಪವನಜರ ಇನ್ನೊಂದು ಕೆಲಸವು ನನ್ನ ಶಿಷ್ಯನ ಪ್ರಶ್ನೆಗೆ ಹೆಚ್ಚು ಸಮೀಪವಾದದ್ದು. ೧೯೬೭ರಲ್ಲಿ ಸೀಮೋರ್ ಪಾಪರ್ಟ್ ಎಂಬ ಗಣಿತಜ್ಞರೂ ಅವರ ಸಂಗಡಿಗರೂ ಮಕ್ಕಳಿಗಾಗಿ ‘ಲೋಗೊ’ ಎಂಬ ಯಂತ್ರಭಾಷೆಯನ್ನು ರಚಿಸಿದರು. ಅದರಲ್ಲಿ ತೆರೆಯ ಮೇಲೆ ಒಂದು ಆಮೆ. ಮುಂದೆ ಹೋಗು, ಬಲಕ್ಕೆ ತಿರುಗು ಎಂದು ಹೇಳಿದಂತೆ ಅದು ನಡೆದು ತನ್ನ ಹಿಂದೆ ಗೆರೆಯನ್ನು ಎಳೆಯುತ್ತದೆ. ಹೇಳಿದ್ದು ಸರಿಯಾದರೆ ಚಿತ್ರ, ತಪ್ಪಾದರೆ ತಪ್ಪೇ ಕಣ್ಣಿಗೆ ಕಾಣುವುದು. ‘ಬೈಟ್’ ಪತ್ರಿಕೆಯು ೧೯೮೨ರ ಆಗಸ್ಟ್ ತಿಂಗಳ ಸಂಚಿಕೆಯನ್ನು ಈ ಲೋಗೊವಿಗೆಂದೇ ಮೀಸಲಿಟ್ಟಿದ್ದಿತು. ಅದರಲ್ಲಿ ಆದೇಶಗಳನ್ನು ಕನ್ನಡದಲ್ಲಿಯೇ ಕೊಡುವಂತೆ ಪವನಜರು ‘ಕನ್ನಡ ಲೋಗೊ’ವನ್ನು ಸಿದ್ಧಗೊಳಿಸಿದರು, ಅದಕ್ಕೆ ೨೦೦೬ರಲ್ಲಿ ಮಂಥನ ಪ್ರಶಸ್ತಿ ಸಂದಿತು. ಅಮೆರಿಕದ ಮನೆಗಳಿಗೆ ಅಂಚೆಯಲ್ಲಿ ಬಂದ ವಿದ್ಯೆ ನಮ್ಮ ಭಾಷೆಗೆ ಬರಲು ಇಪ್ಪತ್ತು ವರ್ಷಗಳಿಗೂ ಮೇಲೆ ಹಿಡಿಯಿತು. ಬಂದದ್ದನ್ನು ನಾವು ಎಷ್ಟು ಮನೆಗಳಲ್ಲಿ ಬಳಸಿದೆವು ಎಂದು ಪ್ರತಿಯೊಬ್ಬ ಗೃಹಸ್ಥನೂ ತನ್ನನ್ನು ತಾನೇ ಕೇಳಿಕೊಳ್ಳಬಹುದು.

೬

ನನ್ನ ಶಿಷ್ಯನಿಗೆ ನಾನು ಹೇಳಿದ್ದು ಇಷ್ಟು. “ಪತ್ರಿಕೆ ಬರುವವರೆಗೆ ಕಾಯಬೇಡ. ೧೯೮೮ರಲ್ಲಿ ನಾವು ಯಂತ್ರವಿಲ್ಲದೆ ಕಲಿತೆವು. ಅವಳೂ ಅಂಗಳದಲ್ಲಿ ಕಲಿಯಲಿ. ಬೆಳಗ್ಗೆ ರಂಗೋಲಿ ಹಾಕುವ ಮಗುವಿಗೆ ಆಮೆಯ ಪಾಠ ಹೊಸದಲ್ಲ. ಬಳಿಕ ಶಾಲೆಯ ಕಂಪ್ಯೂಟರಿನಲ್ಲಿ ಲೋಗೊವನ್ನು ನಡೆಸಲು ಉಪಾಧ್ಯಾಯರನ್ನು ಕೇಳು.” ಹೀಗೆಂದು ಒಂದು ಹಾಳೆಯ ಮೇಲೆ ಕೆಲವು ಪಾಠಗಳನ್ನು ಬರೆದುಕೊಟ್ಟೆನು. ಒಬ್ಬರು ಓದಬೇಕು, ಒಬ್ಬರು ಆಮೆಯಾಗಿ ಸೀಮೆಸುಣ್ಣ ಹಿಡಿದು ನಡೆಯಬೇಕು. ಬರೆದಿರುವುದಕ್ಕಿಂತ ಹೆಚ್ಚಾಗಿ ಆಮೆ ಏನನ್ನೂ ಊಹಿಸಕೂಡದು.

ಮೂರು ವಾರಗಳ ಮೇಲೆ ಅಂಚೆಯಲ್ಲಿ ಒಂದು ಕಾಗದ ಬಂದಿತು. ದುಂಡಾದ ಅಕ್ಷರ, ಹುಡುಗಿಯದು. ‘ತಾತನವರಿಗೆ ನಮಸ್ಕಾರಗಳು. ನೀವು ತ್ರಿಕೋನಕ್ಕೆ ಹತ್ತು ಹೆಜ್ಜೆ ಮುಂದೆ, ೬೦ ಡಿಗ್ರಿ ಬಲಕ್ಕೆ, ಮೂರು ಸಲ ಎಂದು ಬರೆದಿದ್ದೀರಿ. ನಾನು ಹಾಗೆಯೇ ನಡೆದೆ. ಹೊರಟ ಜಾಗಕ್ಕೆ ಬರಲಿಲ್ಲ. ಇಪ್ಪತ್ತು ಹೆಜ್ಜೆ ಆಚೆ ಬ್ಯಾರನ್ನಿನ ಹತ್ತಿರ ನಿಂತೆ. ಅಪ್ಪ ಮೂರು ಸಲ ಓದಿದರು, ಮೂರು ಸಲವೂ ಹಾಗೇ. ೧೨೦ ತಿರುಗಿದರೆ ಸರಿಹೋಗುತ್ತದೆ. ಒಳಗಿನ ಮೂಲೆ ೬೦ ಆದರೆ ತಿರುಗುವುದು ಹೊರಗಿನ ಮೂಲೆ. ನಿಮ್ಮ ಹಾಳೆಯಲ್ಲಿ ತಿದ್ದಿಕೊಳ್ಳಿ.’

ಮೂವತ್ತು ವರ್ಷಗಳಿಗೂ ಮೇಲೆ ಮಕ್ಕಳ ಪುಸ್ತಕಗಳನ್ನು ತಿದ್ದಿದ ನಾನು ಆ ದಿನ ನನ್ನ ಹಾಳೆಯನ್ನು ತೆಗೆದು ತಿದ್ದಿಕೊಂಡೆನು. ತ್ರಿಕೋನದ ಮೂಲೆ ೬೦ ಎಂದು ಬಾಯಿಪಾಠವಾಗಿದ್ದ ನನಗೆ ನಡೆದು ನೋಡಬೇಕೆಂದು ತೋರಿರಲಿಲ್ಲ. ೧೯೮೮ರಲ್ಲಿ ನಮಗೆ ಬಾರದೆ ಹೋದ ಮುಂದಿನ ತಿಂಗಳ ಸಂಚಿಕೆ ಇದೇ ಎಂದುಕೊಂಡೆನು.

ವಾಚಕ ಮಹಾಶಯರ ಮನೆಗಳಲ್ಲಿಯೂ ಮಕ್ಕಳಿರುವರು. ಆದ್ದರಿಂದ ಆ ಹಾಳೆಯನ್ನು, ಅವಳ ತಿದ್ದುಪಡಿಯೊಡನೆ, ಇಲ್ಲಿ ಕೊಟ್ಟಿದ್ದೇನೆ.

ಚೌಕ: ೧೦ ಹೆಜ್ಜೆ ಮುಂದೆ ಹೋಗು, ೯೦ ಡಿಗ್ರಿ ಬಲಕ್ಕೆ ತಿರುಗು, ಇದನ್ನು ೪ ಸಲ ಮಾಡು.

ತ್ರಿಕೋನ: ೧೦ ಹೆಜ್ಜೆ ಮುಂದೆ ಹೋಗು, ೧೨೦ ಡಿಗ್ರಿ ಬಲಕ್ಕೆ ತಿರುಗು; ಇದನ್ನು ೩ ಸಲ ಮಾಡು.

ಐದು ಮೂಲೆಯ ನಕ್ಷತ್ರ: ೧೦ ಹೆಜ್ಜೆ ಮುಂದೆ ಹೋಗು, ೧೪೪ ಡಿಗ್ರಿ ಬಲಕ್ಕೆ ತಿರುಗು, ಇದನ್ನು ೫ ಸಲ ಮಾಡು.

ಎಂಟು ಚೌಕದ ರಂಗೋಲಿ: ಮೇಲೆ ಹೇಳಿದಂತೆ ಒಂದು ಚೌಕವನ್ನು ಎಳೆ, ೪೫ ಡಿಗ್ರಿ ಬಲಕ್ಕೆ ತಿರುಗು, ಇದನ್ನು ೮ ಸಲ ಮಾಡು.

ಅಂಗಳದಲ್ಲಿ ಕೋನವನ್ನು ಅಳೆಯುವುದು ಕಷ್ಟವಾದರೆ ಕಾಗದದ ಮೇಲೆ ಕೋನಮಾಪಕವನ್ನಿಟ್ಟುಕೊಂಡು, ಹೆಜ್ಜೆಗೆ ಬದಲಾಗಿ ಅರ್ಧ ಸೆಂಟಿಮೀಟರನ್ನು ಹಿಡಿಯಬಹುದು. ಮೊದಲ ಮೂರು ಚಿತ್ರಗಳಲ್ಲಿ ತಿರುಗಿದ ಡಿಗ್ರಿಗಳನ್ನೆಲ್ಲ ಕೂಡಿಸಿದರೆ ಎಷ್ಟಾಗುವುದು, ನಕ್ಷತ್ರದಲ್ಲಿ ಮಾತ್ರ ಅದು ಏಕೆ ಬೇರೆಯಾಗುವುದು ಎಂದು ಮಕ್ಕಳನ್ನು ಕೇಳಿರಿ. ಇದರಲ್ಲಿ ಇನ್ನೂ ಏನಾದರೂ ತಪ್ಪು ಕಂಡುಬಂದಲ್ಲಿ ಪತ್ರಿಕೆಯ ವಿಳಾಸಕ್ಕೆ ಬರೆಯುವುದು. ಸಂಪಾದಕರು ಮುಂದಿನ ತಿಂಗಳಲ್ಲಿ ತಿದ್ದುಪಡಿಯನ್ನು ಪ್ರಕಟಿಸುವರೆಂದು ನಂಬಿದ್ದೇನೆ.